ವಿವಾಹ ವಾರ್ಷಿಕೋತ್ಸವದ ಆಹ್ವಾನಪತ್ರಿಕೆ: ಒಂದು ಐತಿಹಾಸಿಕ ವಿವೇಚನೆ

ಶಾಸನಗಳನ್ನೂ ದಾನಪತ್ರಗಳನ್ನೂ ಇತಿಹಾಸದ ಆಧಾರಗಳೆಂದು ಆದರಿಸುವ ನಾವು, ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಲಗ್ನಪತ್ರಿಕೆಗಳನ್ನು ಅಷ್ಟಾಗಿ ಗಮನಿಸಿದವರಲ್ಲ. ವಿವಾಹದ 25ನೆಯ ಅಥವಾ 50ನೆಯ ವರ್ಷದ ಸಮಾರಂಭವು ಈಗ ನಮ್ಮ ನಾಡಿನಲ್ಲಿ ಪರಿಚಿತವಾಗಿದೆ. ಅದಕ್ಕೆ ಎಂತಹ ಪತ್ರಿಕೆಯನ್ನು ಆರಿಸಬೇಕೆಂಬುದು ಮೇಲ್ನೋಟಕ್ಕೆ ಕಾಗದದ ಮತ್ತು ಬಣ್ಣದ ವಿಚಾರವೆಂದು ತೋರುತ್ತದೆ. ವಾಸ್ತವವಾಗಿ ದಿನವನ್ನು ಗಣಿಸುವ ಬಗೆ ಯಾವುದು, ಕರೆಯುವ ಅಧಿಕಾರ ಯಾರದು, ಕರೆಯುವ ರೀತಿ ಯಾವುದು ಎಂಬ ಮೂರು ಪ್ರಶ್ನೆಗಳು ಅದರಲ್ಲಿ ಅಡಗಿವೆ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಸೀಮೆಯನ್ನು ಮುಂದಿರಿಸಿಕೊಂಡು ಇವುಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಧರ್ಮಪುರಕ್ಕೆ ಸಮೀಪದ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಈ ಸೀಮೆಯಲ್ಲಿ ಶಾಸನಭಾಷೆಯ ಪರಿಚಯ ಬಹು ಪ್ರಾಚೀನವಾದುದು. ಮಂಗಳಪದ, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಅನಂತರ ದಾನಿಯ ಹೆಸರು ಮತ್ತು ದಾನದ ವಿವರ: ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವಿದು. ಲಗ್ನಪತ್ರಿಕೆಯ ಕ್ರಮವೂ ಹೆಚ್ಚುಕಡಿಮೆ ಇದೇ ಆಗಿದೆ. ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತೆಂದು ನಾವು ಹೇಳುವುದಿಲ್ಲ. ಎರಡಕ್ಕೂ ಪಂಚಾಂಗವೇ ಆಧಾರ. ಶಾಸನದ ಕೊನೆಯಲ್ಲಿ ಬರುವ ಶಾಪಾಶಯದ ಸ್ಥಾನದಲ್ಲಿ ಪತ್ರಿಕೆಯು ಸಕುಟುಂಬ ಸಪರಿವಾರವಾಗಿ ಬರಬೇಕೆಂಬ ವಿನಂತಿಯನ್ನು ಇಟ್ಟುಕೊಂಡಿದೆ, ಅಷ್ಟೆ.

ಅಚ್ಚಿನ ಪತ್ರಿಕೆ ಈಚಿನದು. 1843ರಲ್ಲಿ ಮೋಗ್ಲಿಂಗರ 'ಮಂಗಳೂರು ಸಮಾಚಾರ'ವು ಕಲ್ಲಚ್ಚಿನಲ್ಲಿ ಹೊರಬಂದಿತು. 1879ರಲ್ಲಿ ಕಾಲಾಣೆಯ ಅಂಚೆಕಾರ್ಡು ಭಾರತದಲ್ಲಿ ಬಳಕೆಗೆ ಬಂದಿತು. ಮುದ್ರಣ ಮತ್ತು ಅಂಚೆಗಳು ಹರಡುವುದಕ್ಕೆ ಮುನ್ನ ಮನೆಗೆ ಹೋಗಿ ಕುಂಕುಮ ಅಕ್ಷತೆಗಳನ್ನು ಕೊಟ್ಟು ಕರೆಯುವುದೇ ಆಹ್ವಾನವಾಗಿದ್ದಿತು. ಅಚ್ಚಾದ ಪತ್ರಿಕೆಯ ಅಂಚಿಗೆ ಇಂದಿಗೂ ಅರಿಸಿನ ಕುಂಕುಮ ಹಚ್ಚುವುದು ಆ ಹಳೆಯ ಪದ್ಧತಿಯ ಅವಶೇಷವೆಂದು ನಮಗೆ ತೋರುತ್ತದೆ.

ಇನ್ನು ಕಾಲಗಣನೆಯ ವಿಚಾರ. ನಮ್ಮ ಹಿರಿಯರು ಆಚರಿಸುತ್ತಿದ್ದುದು ಷಷ್ಟ್ಯಬ್ದಪೂರ್ತಿ. ಅದನ್ನು ಎಣಿಸುವುದು ವಿವಾಹದಿಂದಲ್ಲ, ಪತಿಯ ಜನ್ಮಸಂವತ್ಸರದಿಂದ; ಆದರೂ ಅಂದು ದಂಪತಿಗಳಿಗೆ ಮತ್ತೆ ಮಾಂಗಲ್ಯಧಾರಣೆ ನಡೆಯುತ್ತದೆ. 25, 50ರ ಎಣಿಕೆಗೆ ರೂಢಿಯಾದ ರಜತ, ಸುವರ್ಣ ಮಹೋತ್ಸವಗಳೆಂಬ ಹೆಸರುಗಳು ರಾಜ್ಯಭಾರದ ಉತ್ಸವಗಳಿಗೂ ಸಂದವು: ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವ 1887ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ರಜತೋತ್ಸವ 1927ರಲ್ಲಿ ನಡೆದವು. ಎರಡು ಗಣನೆಗಳೂ ಒಂದೇ ದಿನ ಕೂಡುವುದು ಅಪರೂಪ. 25 ವರ್ಷಗಳಿಗೆ 309 ಚಾಂದ್ರಮಾಸಗಳು ಸಂದು ಸುಮಾರು ಆರು ದಿನಗಳು ಮಿಗುತ್ತವೆ. ಆದಕಾರಣ ವಿಕ್ರಮ ಸಂವತ್ಸರದಲ್ಲಿ, ಎಂದರೆ 2000ದಲ್ಲಿ, ಮದುವೆಯಾದವರ ರಜತೋತ್ಸವವು ವಿಶ್ವಾವಸುವಿನಲ್ಲಿ, ಎಂದರೆ 2025ರಲ್ಲಿ, ಬಂದಾಗ ತಿಥಿಯೊಂದು ದಿನ, ತಾರೀಖೊಂದು ದಿನ. ಪತ್ರಿಕೆಯು ಯಾವುದನ್ನು ಮೊದಲು ಹೇಳುವುದೋ ಅದರಿಂದಲೇ ಮನೆತನವು ಯಾವ ಪಂಚಾಂಗದಂತೆ ನಡೆಯುವುದೆಂಬುದು ವಿದಿತವಾಗುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಗುರುತರವಾದುದು. ಲಗ್ನಪತ್ರಿಕೆಯಲ್ಲಿ ಕರೆಯುವವರು ಹಿರಿಯರು. ವಧೂವರರು ಕೇವಲ ಚಿರಂಜೀವಿಗಳು. ವಾರ್ಷಿಕೋತ್ಸವದಲ್ಲಿ ಈ ಕ್ರಮ ತಲೆಕೆಳಗಾಗಿ ಮಕ್ಕಳು ಕರೆಯುವವರಾಗುತ್ತಾರೆ, ಇಲ್ಲವೆ ದಂಪತಿಗಳೇ ಸಮಾನರಾಗಿ ಕರೆಯುತ್ತಾರೆ. ವಿಧವೆಯಾದ ತಾಯಿಯ ಹೆಸರನ್ನು ಬಿಟ್ಟು ದೊಡ್ಡಪ್ಪನದೋ ಸೋದರಮಾವನದೋ ಹೆಸರನ್ನು ಮುದ್ರಿಸುವ ಪದ್ಧತಿ ಹಲವು ಮನೆತನಗಳಲ್ಲಿದ್ದಿತು. ಮಗಳನ್ನು ಸಾಕಿ ಧಾರೆಗೆ ಅಣಿಗೊಳಿಸಿದವಳು ಮಗಳ ಲಗ್ನಪತ್ರಿಕೆಯಲ್ಲಿಯೇ ಇಲ್ಲವಾಗುತ್ತಿದ್ದಳು. ವಾರ್ಷಿಕೋತ್ಸವಕ್ಕೆ ಮುಹೂರ್ತದ ನಿರ್ಬಂಧವಿಲ್ಲ, ಶಾಸ್ತ್ರದ ವಿಧಿಯೂ ಇಲ್ಲ. ಹೀಗಿರುವಾಗ ಹಳೆಯ ನಮೂನೆಯನ್ನು ಅಕ್ಷರಶಃ ಅನುಸರಿಸಿ ಆಕೆಯನ್ನು ಮತ್ತೊಮ್ಮೆ ಕೈಬಿಡುವುದಕ್ಕೆ ಯಾವ ಸಮರ್ಥನೆಯೂ ದೊರೆಯದು. ಕುವೆಂಪು ಅವರು 'ಮಂತ್ರ ಮಾಂಗಲ್ಯ'ದ ಮೂಲಕ ವಿವಾಹವಿಧಿಯನ್ನೇ ಸರಳಗೊಳಿಸಿ, 1966ರಲ್ಲಿ ತಮ್ಮ ಮಗನ ವಿವಾಹವನ್ನು ಹಾಗೆಯೇ ನಡೆಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಮೂರನೆಯದಾಗಿ, ಕರೆಯುವ ರೀತಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೂ ಹೇಮಾವತಿಯು ಆಂಧ್ರದಲ್ಲಿಯೇ ಉಳಿಯಿತು, ಧರ್ಮಪುರವು ಮೈಸೂರು ರಾಜ್ಯದಲ್ಲಿ. ಗಡಿಯ ಗೆರೆ ನೆಂಟಸ್ತನವನ್ನು ಕಡಿಯಲಾರದು. ಆಚೆಯ ಬಂಧುಗಳು ತೆಲುಗನ್ನೇ ಓದಬಲ್ಲವರಾದರೆ ಪತ್ರಿಕೆಯ ಒಂದು ಮಗ್ಗುಲು ಆ ಲಿಪಿಯಲ್ಲಿರುವುದು ಉಚಿತ. ಅಂಚೆಯಲ್ಲಿ ಬಂದ ಕಾಗದವನ್ನು ಸುದ್ದಿಯೆಂದೂ ಮನೆಗೆ ಬಂದು ಆಡಿದ ಮಾತನ್ನು ಕರೆಯೆಂದೂ ಎಣಿಸುವ ಹಿರಿಯರು ಇನ್ನೂ ಇದ್ದಾರೆ; ಬೆಲೆಬಾಳುವ ಕಾಗದವು ಆ ಮಾತಿನ ಕೊರತೆಯನ್ನು ತುಂಬಲಾರದು.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು: ತಿಥಿ ತಾರೀಖುಗಳೆರಡೂ ಇರುವ, ಮನೆಯ ಹಿರಿಯಳ ಹೆಸರನ್ನು ಮರೆಯದ, ಕೈಯಾರೆ ಕೊಡುವ ಸರಳ ಪತ್ರಿಕೆಯೇ ಪರಂಪರೆಗೂ ಕಾಲಕ್ಕೂ ಒಪ್ಪುವಂತಹುದು. ಅದರ ಒಂದು ಪ್ರತಿಯನ್ನು ಮೂಲ ಲಗ್ನಪತ್ರಿಕೆಯೊಡನೆ ಕಾಪಾಡಬೇಕು. ವಿವಾಹ ನೋಂದಣಿಯ ಅರ್ಜಿಯೊಡನೆ ಲಗ್ನಪತ್ರಿಕೆಯನ್ನು ಲಗತ್ತಿಸುವ ರೂಢಿಯು ಅದರ ಸಾಕ್ಷ್ಯಬಲವನ್ನು ಆಗಲೇ ಒಪ್ಪಿಕೊಂಡಿದೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂತಹ ಪತ್ರಿಕೆಗಳನ್ನು ಸಂಗ್ರಹಿಸತೊಡಗಿದರೆ, ಶಾಸನಗಳಲ್ಲಿ ಹೆಸರಿಲ್ಲದ ಜನರ ಇತಿಹಾಸಕ್ಕೆ ಒಂದು ಆಧಾರ ದೊರೆತಂತಾಗುತ್ತದೆ.