ಅಲೆಕ್ಸ್ ಕೇಳಿದ ಪ್ರಶ್ನೆ

1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಶಿಕಾಗೋದ ಅಂಗಡಿಯೊಂದರಿಂದ ಆಫ್ರಿಕಾದ ಬೂದು ಗಿಳಿಮರಿಯೊಂದನ್ನು ಕೊಂಡರು. ಹೆಸರು ಅಲೆಕ್ಸ್. 30 ವರ್ಷಗಳಲ್ಲಿ ಅದು ನೂರರಷ್ಟು ಪದ ಕಲಿಯಿತು, ಬಣ್ಣ, ಆಕಾರ ಗುರುತಿಸಿ ಹೇಳಿತು, ಆರರವರೆಗೆ ಎಣಿಸಿತು. ಸಾಯುವ ಹಿಂದಿನ ಸಂಜೆ, ಹೊರಟು ನಿಂತ ಐರೀನ್‌ರನ್ನು ಎಂದಿನಂತೆ ‘ನಾಳೆ ಬರ್ತೀಯಲ್ಲ?’ ಎಂದು ಕೇಳಿತ್ತಂತೆ. 2007ರ ಸೆಪ್ಟೆಂಬರ್ 6ರಂದು ತೀರಿಕೊಂಡಾಗ ಅದಕ್ಕೆ 31 ವರ್ಷ.

ಎಲ್ಲರೂ ಅದರ ಬುದ್ಧಿಯನ್ನು ಹೊಗಳಿದರು. ನನ್ನನ್ನು ಕಾಡೋದು ಆ ಪ್ರಶ್ನೆ. ಗಿಳಿ ಗುಂಪಲ್ಲಿ ಬದುಕುವ ಹಕ್ಕಿ. ಹಗಲೆಲ್ಲ ಜನರ ನಡುವೆ ಇದ್ದ ಅಲೆಕ್ಸ್‌ಗೂ ಸಂಜೆಯಾದರೆ ಅದೇ ಮಾತು.

ನಮ್ಮ ಮಗಳಿಗೂ ಈಗ ಗಿಳಿ ಬೇಕಂತೆ. ನಮ್ಮ ಹಸಿರು ಗಿಳಿಗಳನ್ನು ಪಂಜರದಲ್ಲಿಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂದೆ. ಹಾಗಾದ್ರೆ ಬೂದು ಗಿಳಿ ಅಂದಳು. ಲೆಕ್ಕ ಹಾಕಿದೆ: ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿದರೆ ನಾವು ಮನೆ ಸೇರೋದು ಸಂಜೆ ಏಳಕ್ಕೆ. ಒಂಟಿಯಾದ ಗಿಳಿ ಬೇಸರಕ್ಕೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತೆ. ಅದೂ ಒಂದೆರಡು ವರ್ಷದ ಮಾತಲ್ಲ, 40-50 ವರ್ಷ ಬದುಕುವ ಜೀವ.

ಬೇಡ ಅಂತ ತೀರ್ಮಾನಿಸಿದ್ದೇನೆ. ಇಡೀ ದಿನ ಜನ ಇರುವ ಮನೆ ಈಗ ಎಷ್ಟಿವೆ? ನೀವೇನಂತೀರಿ?