ಜನಪದೋದ್ಧ್ವಂಸ ಕಾಲದಲ್ಲಿ ವ್ಯಾಯಾಮವಿಚಾರ

ಚಾಲುಕ್ಯ ಕೀರ್ತಿವರ್ಮನ ಶಾಸನದಿಂದ ಇತಿಹಾಸಜ್ಞರಿಗೆ ಪರಿಚಿತವಾದ ಆಡೂರು, ಹಾನಗಲ್ಲು ತಾಲೂಕಿನಲ್ಲಿ ಒಕ್ಕಲುತನವನ್ನು ನೆಚ್ಚಿರುವ ಗ್ರಾಮವು. ಈ ಸೀಮೆಯು ಕಂಡ ಮಹಾಮಾರಿಗಳಲ್ಲಿ ಪ್ಲೇಗು, ಕೋವಿಡ್ ಎಂಬೆರಡನ್ನು ಹೋಲಿಸಿದಲ್ಲಿ ದೇಹಚೇಷ್ಟೆಗೂ ಮನಃಸ್ವಾಸ್ಥ್ಯಕ್ಕೂ ಇರುವ ಸಂಬಂಧವು ವಿಶದವಾಗುವುದು.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನೇ ವಿಷಯವಾಗಿ ಉಳ್ಳದ್ದು. ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಭಿನ್ನಪ್ರಕೃತಿಯ ಜನರೂ ಏಕಕಾಲಕ್ಕೆ ನಾಶ ಹೊಂದುವರೆಂದು ಹೇಳಿ, ಕ್ಷೇಮವಾದ ಪ್ರದೇಶವನ್ನು ಆಶ್ರಯಿಸುವುದನ್ನೂ ಅಲ್ಲಿ ವಿಧಿಸಿದೆ.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಬೇಗನೆ ಧಾರವಾಡ ಜಿಲ್ಲೆಗೂ ಹಬ್ಬಿತು. ಹಾನಗಲ್ಲು ಅಂದು ಆ ಜಿಲ್ಲೆಗೆ ಸೇರಿದ್ದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ನನ ಲಸಿಕೆಯನ್ನು ಸಹಸ್ರಾರು ಜನರಿಗೆ ಹಾಕಲಾಯಿತು. ಇಲಿಯ ಚಿಗಟದಿಂದ ರೋಗವು ಹರಡುವುದೆಂದು ಸೀಮೋಂದನು ತೋರಿಸಿದುದೂ ಅದೇ ವರ್ಷದಲ್ಲಿ. ಆ ಕಾಲದಲ್ಲಿ ಜನರು ಮನೆಗಳನ್ನು ತೊರೆದು ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಮನೆ ಬಿಟ್ಟ ದುಃಖವಿದ್ದರೂ ಬಯಲಿನ ಗಾಳಿಯೂ ಕೈಕಾಲುಗಳ ದುಡಿಮೆಯೂ ಅವರಿಗೆ ಉಳಿದಿದ್ದುವು.

ಕೋವಿಡ್ಡಿನ ಗತಿ ಬೇರೆ. ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಾದುದರಿಂದ 2020ರ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗೆ ಇರಬೇಕಾಯಿತು. ಏಪ್ರಿಲ್ 20ರಿಂದ ಹೊಲದ ಕೆಲಸಕ್ಕೂ ಉದ್ಯೋಗ ಖಾತರಿಯ ಕೆಲಸಕ್ಕೂ ವಿಶೇಷ ಸಮ್ಮತಿಯಿದ್ದಿತು. ವ್ಯಾಯಾಮಶಾಲೆಗಳಿಗಾದರೋ ಆಗಸ್ಟ್ 5ರವರೆಗೆ ಬೀಗ. ಅದೇ ನವಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮವನ್ನು ಮಾಡಬೇಕೆಂದೂ, ಅದರಿಂದ ಖಿನ್ನತೆ, ಕಳವಳಗಳು ತಗ್ಗುವುವೆಂದೂ ಸಾರಿತು.

ಹಾಗಾದರೆ ಶ್ರಮವೆಲ್ಲವೂ ವ್ಯಾಯಾಮವೇ? ಅಲ್ಲ. ಆ ಬೇಸಗೆಯಲ್ಲಿ ಕೆಲಸ ಕಳೆದುಕೊಂಡ ಕೂಲಿಕಾರರು ನಗರಗಳಿಂದ ನೂರಾರು ಮೈಲಿ ನಡೆದು ತಮ್ಮ ಊರುಗಳಿಗೆ ಹೊರಟರು. ಆ ನಡಿಗೆಯಿಂದ ಮನಃಶಾಂತಿ ದೊರೆಯಿತೆಂದು ಯಾರೂ ಹೇಳಲಾರರು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವ್ಯಾಯಾಮವೆಂದರೆ ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ, ಮಿತವರಿತು ಮಾಡತಕ್ಕ ಚೇಷ್ಟೆಯೆಂದು ಲಕ್ಷಣವಿದೆ. ಭಾರ ಹೊತ್ತು ದಾರಿ ನಡೆದು ಬಳಲಿದವರು, ಶೋಕಭಯಗಳಿಂದ ಪೀಡಿತರು, ಹಸಿದವರು, ಬಾಯಾರಿದವರು ಅದನ್ನು ವರ್ಜಿಸತಕ್ಕದ್ದೆಂದೂ ಅಲ್ಲಿಯೇ ನಿಷೇಧವಿದೆ.

ಈ ನಿಷೇಧದಲ್ಲಿಯೇ ವಿಷಯದ ಮರ್ಮವಡಗಿದೆ. ಉಂಡು ನಿರ್ಭಯನಾಗಿ ಮನೆಯಲ್ಲಿ ಕುಳಿತವನಿಗೆ ವ್ಯಾಯಾಮವು ಔಷಧವು. ಹಸಿದು ಅಂಜಿದವನಿಗೆ ಮೊದಲು ಬೇಕಾದುದು ಅನ್ನ ಮತ್ತು ಅಭಯ. ಆಡೂರಿನಂತಹ ಗ್ರಾಮಗಳ ಒಕ್ಕಲಿಗನಿಗೆ ಹೊಲವು ತೆರೆದಿದ್ದುದು ಹಿತವಾದುದು ಬರಿಯ ಶ್ರಮದಿಂದಲ್ಲ. ಆ ಶ್ರಮದ ತುದಿಯಲ್ಲಿ ಅನ್ನವೂ ಸಂಜೆಗೆ ಮರಳಲು ಮನೆಯೂ ಇದ್ದುದರಿಂದ. ಮಹಾಮಾರಿಯ ಕಾಲದಲ್ಲಿ ಶರೀರಶ್ರಮವನ್ನು ಉಪದೇಶಿಸುವವರು ಈ ಕ್ರಮವನ್ನು ಮರೆಯಲಾಗದು.