ಹೆಡರ್ ಎತ್ತರ ಅಳೆಯುವವರು ಯಾರು?

2008ರಲ್ಲಿ ಐಫೋನ್‌ಗೆ ಆ್ಯಪ್ ಬರೆಯತೊಡಗಿದವರ ಎದುರು ಒಂದೇ ಅಳತೆಯ ಪರದೆಯಿತ್ತು: 320 ಪಾಯಿಂಟ್ ಅಗಲ, 480 ಪಾಯಿಂಟ್ ಎತ್ತರ. ಪಟ್ಟಿ ತೋರಿಸುವ ಟೇಬಲ್ ವ್ಯೂನ ತಲೆಯ ಮೇಲೆ ಕೂರುವ ಹೆಡರ್‌ಗೆ 100 ಎಂದು ಬರೆದರೆ ಕೆಲಸ ಮುಗಿಯುತ್ತಿತ್ತು. 2012ರಲ್ಲಿ ಐಫೋನ್ 5 ಬಂದು ಎತ್ತರ 568 ಆಯಿತು. ಅದೇ ವರ್ಷ ಐಓಎಸ್ 6ರ ಜೊತೆ ಆಟೋ ಲೇಔಟ್ ಕೂಡ ಫೋನಿಗಿಳಿಯಿತು.

ಆಟೋ ಲೇಔಟ್‌ನ ಬೇರು ಹಳೆಯದು. ವಸ್ತುಗಳ ನಡುವಿನ ಸಂಬಂಧವನ್ನು ಹೇಳಿಬಿಡಿ, ಸ್ಥಾನವನ್ನು ಯಂತ್ರವೇ ಕಂಡುಕೊಳ್ಳಲಿ ಎಂಬ ವಿಚಾರ 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅವರ ಸ್ಕೆಚ್‌ಪ್ಯಾಡ್‌ನಲ್ಲೇ ಇತ್ತು. 1990ರ ದಶಕದಲ್ಲಿ ಅಲನ್ ಬೋರ್ನಿಂಗ್ ಮತ್ತು ಸಂಗಡಿಗರು ರೂಪಿಸಿದ ಕ್ಯಾಸೊವರಿ ಎಂಬ ಲೆಕ್ಕವಿಧಾನ, ಇಂಥ ಸಂಬಂಧಗಳ ಸಮೀಕರಣಗಳನ್ನು ಪರದೆಗೆ ಬೇಕಾದ ವೇಗದಲ್ಲಿ ಬಿಡಿಸಿತು. ಆಪಲ್ ಅದನ್ನೇ ಆಧರಿಸಿದ ವ್ಯವಸ್ಥೆಯನ್ನು 2011ರಲ್ಲಿ ಮ್ಯಾಕ್‌ಗೆ ತಂದಿತ್ತು.

ಟೇಬಲ್ ವ್ಯೂ ಈ ಹೊಸ ಲೆಕ್ಕಕ್ಕೆ ಸುಲಭವಾಗಿ ಒಗ್ಗಲಿಲ್ಲ. ಆರಂಭದ ಆವೃತ್ತಿಗಳಲ್ಲಿ ಹೆಡರ್ ಅನ್ನು ಟೇಬಲ್‌ಗೇ ಕನ್‌ಸ್ಟ್ರೇಂಟ್ (ಆಟೋ ಲೇಔಟ್‌ನ ಸಂಬಂಧಸೂತ್ರ) ಹಾಕಿ ಕಟ್ಟಲು ಹೋದರೆ ಆ್ಯಪ್ ಕುಸಿದು ಬೀಳುತ್ತಿತ್ತು. 2014ರ ಐಓಎಸ್ 8ರಲ್ಲಿ ಪಟ್ಟಿಯ ಸಾಲುಗಳಾದ ಸೆಲ್‌ಗಳು ಒಳಗಿನ ಬರಹಕ್ಕೆ ತಕ್ಕಂತೆ ತಮ್ಮ ಎತ್ತರವನ್ನು ತಾವೇ ಕಂಡುಕೊಂಡವು. ಸೆಕ್ಷನ್‌ಗಳ ಹೆಡರ್, ಫೂಟರ್‌ಗಳಿಗೂ ಆ ಭಾಗ್ಯ ಸಿಕ್ಕಿತು. ಇಡೀ ಟೇಬಲ್‌ನ ಹೆಡರ್, ಫೂಟರ್ ಮಾತ್ರ ಹೊರಗುಳಿದವು. ಈ ತಾರತಮ್ಯಕ್ಕೆ ಸಮರ್ಥನೆಯಿದೆ ಎಂದು ನನಗನ್ನಿಸುವುದಿಲ್ಲ.

ಅವು ಹೊರಗುಳಿದ ಕಾರಣ ಇಷ್ಟು. ಟೇಬಲ್ ತನ್ನ ಹೆಡರ್‌ನ ಅಗಲವನ್ನು ತಾನೇ ನಿಗದಿ ಮಾಡುತ್ತದೆ. ಎತ್ತರವನ್ನು ಮಾತ್ರ ಹೆಡರ್ ಅನ್ನು ಒಪ್ಪಿಸಿದ ಕ್ಷಣದ ಫ್ರೇಮ್‌ನಿಂದ, ಅಂದರೆ ಅದರ ಚೌಕಟ್ಟಿನ ಅಳತೆಯಿಂದ, ಓದಿಕೊಳ್ಳುತ್ತದೆ. ಆಮೇಲೆ ಒಳಗಿನ ಲೇಬಲ್ ಒಂದು ಸಾಲಿನಿಂದ ಮೂರು ಸಾಲಿಗೆ ಬೆಳೆದರೂ ಟೇಬಲ್‌ಗೆ ಸುದ್ದಿಯೇ ಇಲ್ಲ. ಹೆಡರ್ ಮೊದಲ ಸೆಲ್‌ನ ಮೇಲೆ ಹರಡಿಕೊಳ್ಳುತ್ತದೆ, ಇಲ್ಲವೇ ಬರಹ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ: "ರಾಷ್ಟ್ರ"ದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ, ಇಂಗ್ಲಿಷ್ ಬರಹ ನೋಡಿ ಇಟ್ಟ ಎತ್ತರದಲ್ಲಿ ಮೊದಲು ಕಾಣೆಯಾಗುವುದು ಆ ಒತ್ತುಗಳೇ. ಓದುಗರು ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡರಂತೂ ಕೇಳುವುದೇ ಬೇಡ.

ಡೆವಲಪರ್‌ಗಳ ನಡುವೆ ನೆಲೆನಿಂತ ಪರಿಹಾರ ಸಣ್ಣದು. ಲೇಔಟ್ ಮುಗಿದಾಗ ಕರೆ ಬರುವ ವ್ಯೂಡಿಡ್‌ಲೇಔಟ್‌ಸಬ್‌ವ್ಯೂಸ್‌ನಲ್ಲಿ, ಟೇಬಲ್‌ನ ಅಗಲವನ್ನು ಕಡ್ಡಾಯವೆಂದೂ ಎತ್ತರವನ್ನು ಸಡಿಲವೆಂದೂ ಹೇಳಿ ಸಿಸ್ಟಮ್‌ಲೇಔಟ್‌ಸೈಜ್‌ಫಿಟಿಂಗ್‌ನಿಂದ ಎತ್ತರ ಕೇಳಬೇಕು. ಉತ್ತರ ಈಗಿನ ಎತ್ತರಕ್ಕಿಂತ ಬೇರೆಯಾಗಿದ್ದರೆ ಮಾತ್ರ ಫ್ರೇಮ್ ಬದಲಿಸಿ, ಅದೇ ಹೆಡರ್ ಅನ್ನು ಟೇಬಲ್‌ಗೆ ಮತ್ತೆ ಒಪ್ಪಿಸಬೇಕು. ಈ "ಮಾತ್ರ" ಬಿಟ್ಟರೆ ಪ್ರತಿ ಒಪ್ಪಿಸುವಿಕೆಯೂ ಹೊಸ ಲೇಔಟ್ ಹುಟ್ಟಿಸಿ ಆ್ಯಪ್ ಮುಗಿಯದ ಸುತ್ತಿನಲ್ಲಿ ಸಿಕ್ಕಿಬೀಳಬಹುದು. ಒಳಗಿನ ಕನ್‌ಸ್ಟ್ರೇಂಟ್‌ಗಳು ಮೇಲಂಚಿನಿಂದ ಕೆಳಂಚಿನವರೆಗೆ ಕಡಿಯದೆ ಸಾಗಬೇಕು; ನಡುವೆ ಒಂದು ತಪ್ಪಿದರೂ ಎತ್ತರ ಸೊನ್ನೆ ಬರುವುದುಂಟು. ಫೂಟರ್‌ಗೂ ಇದೇ ದಾರಿ.

2019ರಲ್ಲಿ ಬಂದ ಸ್ವಿಫ್ಟ್‌ಯುಐ ಅಳತೆಯ ಮಾತುಕತೆಯನ್ನೇ ಬದಲಿಸಿತು: ಪೋಷಕ ವ್ಯೂ ಜಾಗ ಸೂಚಿಸುತ್ತದೆ, ಒಳಗಿನದು ತನ್ನ ಗಾತ್ರವನ್ನು ತಾನೇ ಆರಿಸುತ್ತದೆ. ಐಓಎಸ್ 14ರಿಂದ ಕಲೆಕ್ಷನ್ ವ್ಯೂನಲ್ಲೂ ಪಟ್ಟಿ ಕಟ್ಟಬಹುದು. ಅಲ್ಲಿ ಹೆಡರ್ ಸೆಕ್ಷನ್‌ನ ಭಾಗವಾಗಿ ತನ್ನಷ್ಟಕ್ಕೆ ಅಳೆದುಕೊಳ್ಳುತ್ತದೆ. ಹೊಸ ಪರದೆ ಬರೆಯುವವರು ಈ ಎರಡರಲ್ಲೊಂದು ದಾರಿ ಹಿಡಿಯುವುದೇ ಒಳ್ಳೆಯದು. ಟೇಬಲ್ ವ್ಯೂ ಮೇಲೆ ನಿಂತ ಹಳೆಯ ಆ್ಯಪ್‌ಗಳನ್ನು ಕಾಯುವವರು ಮಾತ್ರ ಹೆಡರ್‌ನ ಎತ್ತರವನ್ನು ಇಂದಿಗೂ ಕೈಯಾರೆ ಅಳೆದು ಕೊಡುತ್ತಿದ್ದಾರೆ.